ಮೂರನೇ ದರ್ಜೆಯ ಬಣ್ಣ

ಹಲ್ಲಿನ ಮೇಸ್ತ್ರಿಯ ಹೆಂಡತಿ ತೀರಿಕೊಂಡದ್ದು ಒಂದು ಮಂಗಳವಾರ ಬೆಳಿಗ್ಗೆ, ಔಷಧಿ ಅಂಗಡಿಯ ಸಾಲಿನಲ್ಲಿ. ಅವಳ ಮುಂದೆ ಇನ್ನು ಇಬ್ಬರಷ್ಟೇ ಇದ್ದರಂತೆ. ಕೈಯಲ್ಲಿದ್ದ ಚೀಟಿ ಅವಳದ್ದೂ ಅಲ್ಲ, ಗಂಡನ ಬಿಪಿ ಮಾತ್ರೆಯದ್ದು. ಅಂಗಡಿಯವನು ಓಡಿಬಂದು ಬಾಗಿಲು ಬಡಿದಾಗ ಮೇಸ್ತ್ರಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲಿನಷ್ಟು ಸಣ್ಣ ಹಿತ್ತಾಳೆ ತಂತಿಯ ತುದಿ ಬಗ್ಗಿಸುತ್ತಿದ್ದ. "ಬಂದೆ, ಒಂದು ನಿಮಿಷ," ಎಂದು ಕೂಗಿ, ತಂತಿಯನ್ನು ಪೂರ್ತಿ ಬಗ್ಗಿಸಿ, ಇಕ್ಕಳ ಕೆಳಗಿಟ್ಟು, ಆಮೇಲೆ ಎದ್ದ. ಆ ಒಂದು ನಿಮಿಷದ ವಿಷಯ ಅವನು ಯಾರಿಗೂ ಹೇಳಲಿಲ್ಲ.

ಅವನನ್ನು ಹಲ್ಲಿನ ಮೇಸ್ತ್ರಿ ಅಂತ ಬೀದಿಯವರೆಲ್ಲ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ತಕ್ಕಂತೆ ಹಲ್ಲಿನ ಸೆಟ್ಟು ಮಾಡಿಕೊಡುವ ಕೆಲಸದಲ್ಲಿ ನಲವತ್ತು ವರ್ಷ ಕಳೆದವನು. ಬೀದಿಯಲ್ಲಿ ಯಾರಾದರೂ ನಕ್ಕರೆ ಮುಖ ನೋಡುವ ಮೊದಲು ಹಲ್ಲು ನೋಡುತ್ತಿದ್ದ. ಆ ಕೆಲಸವೆಲ್ಲ ಯಂತ್ರಗಳ ಪಾಲಾದ ಮೇಲೆ ಅದೇ ಅರ, ಅದೇ ಇಕ್ಕಳ, ಅದೇ ಬೆಸುಗೆಯ ಜ್ವಾಲೆ ಹಿಡಿದು ಮನೆಯ ಮೇಜಿನ ಮೇಲೆ ಸಣ್ಣ ರೈಲು ಮಾಡಲು ಕೂತ.

ರೈಲು ಅಂದರೆ ಕಂಡಕಂಡ ರೈಲಲ್ಲ, ಒಂದೇ ಒಂದು ರೈಲು. ತೊಂಬತ್ತು ವರ್ಷದ ಹಿಂದೆ ಯುರೋಪಿನ ಯಾವುದೋ ದೊಡ್ಡ ಊರಿಗೆ ಸುತ್ತಲಿನ ಬಡಾವಣೆಗಳಿಂದ ಗುಮಾಸ್ತರನ್ನೂ ಹೊಲಿಗೆಯ ಹೆಂಗಸರನ್ನೂ ಬೆಳಿಗ್ಗೆ ತಂದು ಸುರಿದು, ಸಂಜೆ ತುಂಬಿಕೊಂಡು ಹೋಗುತ್ತಿದ್ದ ಲೋಕಲ್ ರೈಲು. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಒಂದು ಕಪ್ಪುಬಿಳುಪು ಪೋಸ್ಟ್‌ಕಾರ್ಡಿನಲ್ಲಿ ಅದು ಪ್ಲಾಟ್‌ಫಾರ್ಮಿಗೆ ಆತು ನಿಂತಿತ್ತು. ಮೂರನೇ ದರ್ಜೆಯ ಐದು ಬೋಗಿ. ಈಗಿನಂತೆ ತುದಿಗೊಂದು ಬಾಗಿಲಲ್ಲ; ಒಂದೊಂದು ಸಾಲು ಸೀಟಿಗೂ ಒಂದೊಂದು ಬಾಗಿಲು, ಒಂದು ಮಗ್ಗುಲಿಗೆ ಹತ್ತು. ಟೋಪಿ ಹಾಕಿದ ಒಬ್ಬ ಗಂಡಸು ಬಾಗಿಲ ಹಿಡಿಗೆ ಕೈ ಹಾಕಿದ್ದ. ಆ ಹಿಡಿ ಕಂಡದ್ದೇ ಮೇಸ್ತ್ರಿಗೆ ಆಸೆ ಹುಟ್ಟಿತು. ನಿಜವಾದ ಬೋಗಿಯ ಎಂಬತ್ತೇಳನೇ ಒಂದು ಪಾಲಿನ ಅಳತೆಗೆ ಮಾಡಿದರೆ ಬೋಗಿ ಒಂದು ಗೇಣೂ ಆಗುವುದಿಲ್ಲ, ಅದಕ್ಕೆ ಇಪ್ಪತ್ತು ಹಿಡಿ.

ಹಿತ್ತಾಳೆ ಮೇಸ್ತ್ರಿಯದ್ದಾದರೆ ಬಣ್ಣ ಅವನ ಭಾಮೈದನದ್ದು. ಹೆಂಡತಿಯ ಬೆನ್ನಿಗೆ ಹುಟ್ಟಿದವನು, ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಮದುವೆಯಾಗಲಿಲ್ಲ. ಊರಿನ ಆ ಕೊನೆಯಲ್ಲಿ ತನ್ನ ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದ. ಸಾಸಿವೆಯಷ್ಟು ಜಾಗ ಕೊಟ್ಟರೂ ಅದರಲ್ಲಿ ನೆಟ್ಟಗೆ ಅಕ್ಷರ ಬರೆಯುವ ಕೈ. ಮೊದಲ ವರ್ಷವೆಲ್ಲ ಭಾನುವಾರ ಬಂತೆಂದರೆ ಭಾವ–ಭಾಮೈದ ಇಬ್ಬರೂ ಒಂದೇ ಮೇಜಿಗೆ ಕೂತು ಎಂಜಿನ್ ಒಂದನ್ನು ಮಾಡಿ ಮುಗಿಸಿದರು. ಆಮೇಲೆ ಬೋಗಿಯ ಬಣ್ಣದ ಮಾತು ಬಂತು.

ಪೋಸ್ಟ್‌ಕಾರ್ಡಿನಲ್ಲಿ ಬೋಗಿ ಬೂದಿ ಬಣ್ಣಕ್ಕಿತ್ತು. ಮೇಸ್ತ್ರಿ ಹಸಿರು ಅಂದ. ಪೇಂಟರ್ ಮರೂನ್ ಅಂದ. ಎರಡು ಭಾನುವಾರ ವಾದ ನಡೆಯಿತು. ಮೂರನೇ ಭಾನುವಾರ ಪೇಂಟರ್ ಬೋಗಿಯ ಒಂದು ಮಗ್ಗುಲಿಗೆ ತನ್ನ ಪಾಡಿಗೆ ಮರೂನ್ ಬಳಿದು ತಂದಿಟ್ಟ. ಮೇಸ್ತ್ರಿ ಎದ್ದುಹೋಗಿ, ಬಟ್ಟೆಗೆ ಥಿನ್ನರ್ ಸುರಿದುಕೊಂಡು ಬಂದು, ಅವನ ಎದುರಿಗೇ ಅದನ್ನು ಒರೆಸಿಹಾಕಿದ. ಸಾಲದ್ದಕ್ಕೆ, "ಬಣ್ಣ ಕಾಣದವನಿಗೆ ಬೋರ್ಡು ಬರೆಯೋ ಕೆಲಸ ಯಾರು ಕೊಟ್ಟರೋ," ಅಂದ. ಪೇಂಟರ್ ತನ್ನ ಬ್ರಷ್ಷುಗಳನ್ನೆಲ್ಲ ಒಂದೊಂದಾಗಿ ಎತ್ತಿ ಜೇಬಿಗೆ ಹಾಕಿಕೊಂಡು ಹೊರಟುಹೋದ. ಇದಾಗಿ ಹನ್ನೊಂದು ವರ್ಷ. ಅಂದಿನಿಂದ ಇಬ್ಬರೂ ಮಾತು ಬಿಟ್ಟರು.

ಮಾತು ಬಿಟ್ಟವರ ನಡುವೆ ಓಡಾಡಿದ್ದು ಅವಳು. ಪ್ರತಿ ಗುರುವಾರ ಏಳನೇ ನಂಬರ್ ಬಸ್ಸು ಹತ್ತಿ ತಮ್ಮನ ಮನೆಗೆ ಹೋಗಿ, ಅವನ ಕೋಣೆ ಗುಡಿಸಿ, ಎರಡು ದಿನಕ್ಕಾಗುವಷ್ಟು ಅಡುಗೆ ಮಾಡಿಟ್ಟು ಬರುವುದು ಮೊದಲಿಂದಲೂ ಇತ್ತು. ಈಗ ಅದರ ಜೊತೆಗೆ ಸುದ್ದಿ ಸಾಗಿಸುವ ಕೆಲಸವೂ ಸೇರಿಕೊಂಡಿತು. "ಆ ಕುರುಡನಿಗೆ ಹೇಳು" ಅಂತ ಇವನು ಶುರು ಮಾಡುತ್ತಿದ್ದ. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ "ಹೂಂ" ಅನ್ನುತ್ತಿದ್ದಳು.

ನಾಲ್ಕು ವರ್ಷ ಹಿತ್ತಾಳೆ ಹಾಗೇ ಬಿದ್ದಿತ್ತು. ಆಮೇಲೊಂದು ಗುರುವಾರ ಸಂಜೆ ಅವಳು ಬಂದವಳೇ ಚೀಲ ಗೂಟಕ್ಕೆ ಹಾಕಿ ಹೇಳಿದಳು: "ಅವನಿಗೊಂದು ಪತ್ರ ಬಂದಿದೆ. ಆ ಪೋಸ್ಟ್‌ಕಾರ್ಡಿನ ಊರಿನ ರೈಲ್ವೆ ಮ್ಯೂಸಿಯಂನಿಂದಂತೆ. ಮರೂನೇ ಅಂತ ಬರೆದಿದ್ದಾರಂತೆ."

"ನೀನು ನೋಡಿದ್ಯಾ?"

"ಲಕೋಟೆ ನೋಡಿದೆ. ಅವರ ಭಾಷೆ, ನನಗೇನು ಅರ್ಥ ಆಗತ್ತೆ?"

ಮೇಸ್ತ್ರಿ ಮೂರು ದಿನ ಮುಖ ಗಂಟು ಹಾಕಿಕೊಂಡಿದ್ದ. ನಾಲ್ಕನೇ ದಿನ ಅರ ಕೈಗೆತ್ತಿಕೊಂಡ. ಅಲ್ಲಿಂದ ಮುಂದೆ ಏಳು ವರ್ಷದಲ್ಲಿ ಮೂರು ಬೋಗಿ ಆದವು. ಇವನು ಹಿತ್ತಾಳೆಯಲ್ಲಿ ಕಟ್ಟುವುದು, ಅವಳು ಅದನ್ನು ಟವೆಲ್ಲಿನಲ್ಲಿ ಸುತ್ತಿ ಶೂ ಡಬ್ಬದಲ್ಲಿಟ್ಟು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ಯುವುದು, ಅವನು ಬಣ್ಣ ಹಚ್ಚಿ ನಂಬರು ಬರೆಯುವುದು.

ಅವಳು ಹೋದ ಮೇಲೆ ಮಗಳು ಬಂದು ಹತ್ತು ದಿನ ಇದ್ದಳು. ಎರಡು ಗಂಟೆ ದಾರಿಯ ಊರಿನಲ್ಲಿ ಶಾಲೆಯ ಟೀಚರ್ ಅವಳು. ಅಮ್ಮನ ಸೀರೆ ಮಡಿಸುತ್ತ ಅಳುವಳು, ಅಡುಗೆಮನೆಯಲ್ಲಿ ನಿಂತು ಅಳುವಳು, ಮುಖ ತೊಳೆದುಕೊಂಡು ಬಂದು ಅಪ್ಪನ ಮುಖ ನೋಡುವಳು. ಪೇಂಟರ್ ಕೂಡ ಬಂದಿದ್ದ. ಹೆಗಲು ಕೊಟ್ಟ, ಮೂರು ದಿನ ಗೋಡೆಗೊರಗಿ ನಿಂತಿದ್ದ, ಹೋಗುವಾಗ ಬಾಗಿಲಿನ ಕಡೆ ತಿರುಗಿ "ಬರ್ತೀನಿ" ಅಂದ. ಯಾರಿಗೆ ಅಂದನೋ ಗೊತ್ತಾಗಲಿಲ್ಲ.

ಮೇಸ್ತ್ರಿಗೆ ಅಳು ಬರಲಿಲ್ಲ. ಬರುತ್ತದೆ ಅಂತ ಕಾದ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟಾಗ ತುಟಿ ಮುಟ್ಟಿಕೊಂಡರೆ ಬೇರೆ ಯಾರದ್ದೋ ತುಟಿ ಮುಟ್ಟಿದಂತಿರುತ್ತದಲ್ಲ, ಒಳಗೆ ಹಾಗಿತ್ತು. ಹಸಿವಾಗುತ್ತಿತ್ತು, ತಿನ್ನುತ್ತಿದ್ದ. ಹತ್ತಕ್ಕೆ ಮಲಗಿದರೆ ಬೆಳಿಗ್ಗೆಯವರೆಗೂ ನಿದ್ದೆ. ಅವಳ ಕನ್ನಡಕ ಟಿ.ವಿ. ಮೇಲೆ ಇತ್ತು, ಧೂಳು ಒರೆಸುವಾಗ ಅದನ್ನು ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದ. ಪಕ್ಕದ ಮನೆಯಾಕೆ, "ಅತ್ತುಬಿಡಿ ಮೇಸ್ತ್ರಿ, ಒಳಗೆ ಇಟ್ಕೋಬೇಡಿ," ಅಂದಾಗ ಒಳಗೆ ಏನಿದೆ ಅಂತ ಪ್ರಾಮಾಣಿಕವಾಗಿಯೇ ಹುಡುಕಿನೋಡಿದ. ಏನೂ ಕೈಗೆ ಸಿಗಲಿಲ್ಲ.

"ಅತ್ರಾ ಅಪ್ಪಾ?" ಮಗಳು ಊರಿಗೆ ಹೋದ ಮೇಲೆ ದಿನಾ ಸಂಜೆ ಏಳಕ್ಕೆ ಫೋನು ಮಾಡಿ ಕೇಳುತ್ತಿದ್ದಳು.

"ಇಲ್ಲಮ್ಮ."

"ಊಟ ಆಯ್ತಾ?"

"ಆಯ್ತು."

ಕೈಗಳು ಮಾತ್ರ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಐದು ವಾರದಲ್ಲಿ ನಾಲ್ಕನೇ ಬೋಗಿ ಮುಗಿಯಿತು. ಮೊದಲಾದರೆ ಇಪ್ಪತ್ತು ಹಿಡಿ ಕೂರಿಸುವುದರಲ್ಲೇ ಎರಡು ತಿಂಗಳು ಹೋಗುತ್ತಿತ್ತು. ಊಟಕ್ಕೆ ಬನ್ನಿ ಅಂತ, ಬಲ್ಬು ಹೋಗಿದೆ ನೋಡಿ ಅಂತ ಯಾರಾದರೂ ಏಳಿಸುತ್ತಿದ್ದರು. ಈಗ ಏಳಿಸುವವರಿರಲಿಲ್ಲ. ಕೊನೆಯ ಹಿಡಿಗೆ ಬೆಸುಗೆ ಹಾಕಿ, ಅರ ಹೊಡೆದು, ಬ್ರಷ್ಷಿನಿಂದ ಪುಡಿ ಕೊಡವಿ, ಬೋಗಿಯನ್ನು ಶೂ ಡಬ್ಬದಲ್ಲಿಟ್ಟ ಮೇಲೆ ಅವನಿಗೆ ಹೊಳೆಯಿತು, ಇದನ್ನು ಒಯ್ಯುವವರಿಲ್ಲ ಅಂತ. ಡಬ್ಬ ಮೇಜಿನ ಮೇಲೆ ಎಂಟು ದಿನ ಕೂತಿತ್ತು.

"ಕೊರಿಯರ್ ಮಾಡಿ," ಅಂದಳು ಮಗಳು.

"ಹಿಡಿ ಮುರಿಯತ್ತೆ."

"ಹಾಗಾದ್ರೆ ನೀವೇ ತಗೊಂಡುಹೋಗಿ. ಮಾವ ಏನು ನಿಮ್ಮನ್ನ ನುಂಗಿಬಿಡ್ತಾರಾ?"

ಗುರುವಾರ ಬೆಳಿಗ್ಗೆ ಮೇಸ್ತ್ರಿ ಡಬ್ಬ ಎತ್ತಿಕೊಂಡು ಹೊರಟ. ಏಳನೇ ನಂಬರ್ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಸ್ಟಾಪಿನಲ್ಲಿ ಒಬ್ಬರನ್ನು ಕೇಳಬೇಕಾಯಿತು. ಎಡಗಡೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎರಡನೇ ಸ್ಟಾಪಿನಲ್ಲಿ ಬಿಳಿ ಕೋಟು ಮಡಿಸಿ ತೋಳಿನ ಮೇಲೆ ಹಾಕಿಕೊಂಡ, ಐವತ್ತರ ಆಸುಪಾಸಿನ ಒಬ್ಬ ನರ್ಸ್ ಹತ್ತಿ ಅವನ ಪಕ್ಕದಲ್ಲಿ ಕೂತಳು. ಅವನ ತೊಡೆಯ ಮೇಲಿದ್ದ ಡಬ್ಬ ನೋಡಿದಳು. ಡಬ್ಬಕ್ಕೆ ಸುತ್ತಿದ ನೀಲಿ ದಾರ ನೋಡಿದಳು. ಆಮೇಲೆ ಅವನ ಮುಖ ನೋಡಿ ಕೇಳಿದಳು:

"ನೀವು ಹಸಿರಾ, ಮರೂನಾ?"

ಮೇಸ್ತ್ರಿ ಡಬ್ಬವನ್ನು ಹತ್ತಿರ ಎಳೆದುಕೊಂಡ. "ಹಸಿರು," ಅಂದ.

"ಹಾಗಾದ್ರೆ ಗಂಡ," ಅಂದಳು ನರ್ಸ್. "ಎರಡು ತಿಂಗಳಾಯ್ತು ಕಂಡು. ಹುಷಾರಿಲ್ವಾ ಅವರಿಗೆ?"

ಅವನು ಹೇಳಿದ. ಇಷ್ಟು ದಿನದಲ್ಲಿ ಎಷ್ಟೋ ಜನಕ್ಕೆ ಹೇಳಿ ಹೇಳಿ ಆ ಮಾತು ವಿಳಾಸ ಹೇಳಿದಂತೆ ಬಾಯಿಂದ ಬರುತ್ತಿತ್ತು. ನರ್ಸ್ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂತಳು. ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ಮೇಸ್ತ್ರಿ ನೋಡಿದ. ಕೆಳಗಿನ ಸಾಲಿನ ಹಲ್ಲು ಸ್ವಲ್ಪ ಒತ್ತಾಗಿದೆ ಅನ್ನುವುದನ್ನೂ ನೋಡಿದ. ಆಸ್ಪತ್ರೆಯ ಸ್ಟಾಪು ಬಂದಾಗ ಅವಳು ಎದ್ದು, ಡಬ್ಬದ ಮುಚ್ಚಳವನ್ನು ಒಮ್ಮೆ ಮುಟ್ಟಿ ಇಳಿದುಹೋದಳು.

ಪೇಂಟರ್ ಅಂಗಡಿಯ ಮುಂದೆ ನೆಲದ ಮೇಲೆ ತಗಡು ಹಾಸಿಕೊಂಡು ಯಾವುದೋ ಟೈಲರ್ ಅಂಗಡಿಯ ಬೋರ್ಡಿಗೆ ಅಂಚು ಎಳೆಯುತ್ತಿದ್ದ. ನೆರಳು ಬಿದ್ದದ್ದು ಕಂಡು ತಲೆಯೆತ್ತಿದ. ಗೆರೆ ಅರ್ಧದಲ್ಲಿತ್ತು, ಅದನ್ನು ಕೊನೆಯವರೆಗೂ ಎಳೆದು ಮುಗಿಸಿ, ಬ್ರಷ್ಷು ಒರೆಸಿಕೊಂಡು ಎದ್ದ.

"ಬನ್ನಿ ಭಾವ."

"ನಾಲ್ಕನೇದು," ಎಂದು ಮೇಸ್ತ್ರಿ ಡಬ್ಬ ಮುಂದೆ ಹಿಡಿದ.

ಒಳಗೆ ಟರ್ಪೆಂಟೈನಿನ ವಾಸನೆ. ಗೋಡೆಯ ಉದ್ದಕ್ಕೂ ಬಣ್ಣ ಸೋರಿ ಒಣಗಿದ ಡಬ್ಬಗಳು. ಮೇಲಿನ ಹಲಗೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಮೂರು ಮರೂನ್ ಬೋಗಿ ಒಂದರ ಹಿಂದೊಂದು ನಿಂತಿದ್ದವು. ಪೇಂಟರ್ ಸ್ಟೂಲು ಎಳೆದು ಕೊಟ್ಟ, ಎದುರು ಅಂಗಡಿಯಿಂದ ಎರಡು ಟೀ ಹೇಳಿದ, ಕೈ ತೊಳೆದುಕೊಂಡು ಬಂದು ಹೊಸ ಬೋಗಿಯನ್ನು ಎರಡೇ ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ಹಿಡಿ ಚೆನ್ನಾಗಿ ಬಂದಿದೆ. ಚಾವಣಿ ಎತ್ತರ ಆಗಿದೆ."

"ಹೋದ ಸಲ ಚಾವಣಿ ಚೆನ್ನಾಗಿದೆ ಅಂದಿದ್ದೆಯಂತಲ್ಲ? ಆ ಬಾಗು ಭಾವನಿಗೊಬ್ಬರಿಗೇ ಬರೋದು ಅಂತ."

"ನಾನಾ?" ಪೇಂಟರ್ ಬೋಗಿ ಕೆಳಗಿಟ್ಟ. "ಇಲ್ಲ ಭಾವ. ಮೂರಕ್ಕೂ ಎತ್ತರ ಅಂತಲೇ ಹೇಳಿಕಳಿಸಿದ್ದೆ. ಅರ್ಧ ಮಿಲಿಮೀಟರ್ ಹೆಚ್ಚು. ಕೇಳಲೇ ಇಲ್ವಲ್ಲ ಅಂತ ಆಮೇಲೆ ಸುಮ್ಮನಾದೆ."

ಟೀ ಬಂತು. ಮೇಸ್ತ್ರಿ ಲೋಟ ಹಿಡಿದುಕೊಂಡು ಯೋಚಿಸಿದ. ಆ ಹೊಗಳಿಕೆಯನ್ನು ಅವನು ಎಷ್ಟು ವರ್ಷ ಒಳಗೊಳಗೇ ಚಪ್ಪರಿಸಿದ್ದ ಅಂದರೆ, ಪೇಂಟರ್ ಅದನ್ನು ಹೇಳಿದ ದನಿ ಕೂಡ ಅವನಿಗೆ ನೆನಪಿತ್ತು. ಆ ದನಿ ಅವಳದ್ದು ಅಂತ ಈಗ ಗೊತ್ತಾಯಿತು.

"ಇರಲಿ," ಅಂದ. "ಆ ಪತ್ರ ತೋರಿಸು. ಈಗಾದ್ರೂ ನೋಡ್ತೀನಿ."

"ಯಾವ ಪತ್ರ?"

"ಮ್ಯೂಸಿಯಂನದ್ದು. ಮರೂನ್ ಅಂತ ಬರೆದಿದ್ದಾರಲ್ಲ, ಅದು."

ಪೇಂಟರ್ ತನ್ನ ಅಂಗೈಯ ಮೇಲಿನ ಬಣ್ಣದ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದ. ಅದು ಹೋಗುವ ಕಲೆಯಲ್ಲ.

"ನನಗೆ ಯಾವ ಮ್ಯೂಸಿಯಂನಿಂದಲೂ ಪತ್ರ ಬಂದಿಲ್ಲ ಭಾವ. ಕರೆಂಟ್ ಬಿಲ್ ಬಿಟ್ಟರೆ ನನಗ್ಯಾರು ಬರೀತಾರೆ?"

"ಮತ್ತೆ ಮರೂನ್ ಯಾಕೆ ಬಳಿದೆ?"

"ನೀವು ತಪ್ಪಾಯ್ತು ಅಂದ್ರಿ ಅಂತ." ಅವನ ದನಿ ಸಣ್ಣದಾಯಿತು. "ಅಕ್ಕ ಬಂದು ಹೇಳಿದಳು. ಭಾವ ತಪ್ಪಾಯ್ತು ಅಂದ್ರು, ನಿನಗೆ ಸರಿ ಕಂಡ ಬಣ್ಣ ಹಚ್ಚು ಅಂದ್ರು. ಎದುರಿಗೆ ಬಂದು ಹೇಳೋಕೆ ಅವರ ಬಾಯಿ ಏಳಲ್ಲ, ನೀನೂ ಆ ಮಾತು ಎತ್ತಬೇಡ ಅಂತ. ಅದಕ್ಕೇ ಅಲ್ವಾ ನಾನು ಮತ್ತೆ ಬ್ರಷ್ಷು ಹಿಡಿದದ್ದು."

ಹೂಂ, ಹೇಳಿದ್ದೆ ಅಂತ ಮೇಸ್ತ್ರಿ ಅಂದುಬಿಡಬಹುದಿತ್ತು. ಪೇಂಟರ್ ಅವನನ್ನೇ ನೋಡುತ್ತಿದ್ದ, ಆ ಒಂದು ಮಾತಿಗೆ ಕಾಯುತ್ತಿದ್ದಾನೆ ಅಂತಲೂ ಗೊತ್ತಾಗುತ್ತಿತ್ತು. ಆದರೆ ಸುಳ್ಳು ಹೇಳುವುದಕ್ಕೂ ಒಂದಿಷ್ಟು ಉತ್ಸಾಹ ಬೇಕು. ಅವನಲ್ಲಿ ಅದಿರಲಿಲ್ಲ.

"ನಾನು ಹಾಗೆ ಹೇಳಲಿಲ್ಲ," ಅಂದ.

ಅಷ್ಟರಲ್ಲಿ ಟೈಲರ್ ಬಂದು ಬಾಗಿಲಲ್ಲಿ ನಿಂತ. "ಆಯ್ತಾ ನನ್ನದು?"

"ಇನ್ನೂ ಒದ್ದೆ ಇದೆ. ಮುಟ್ಟಬೇಡಿ."

"ನಾಳೆ ಆಗ್ತದಾ?"

"ನಾಳೆ ಆಗ್ತದೆ."

ಟೈಲರ್ ಬೋರ್ಡಿನ ಸುತ್ತ ಒಂದು ಸುತ್ತು ಹಾಕಿ, ತನ್ನ ಹೆಸರನ್ನು ಎರಡು ಸಲ ಬಾಯೊಳಗೇ ಓದಿಕೊಂಡು, ಹೋದ. ಟೀ ಆರಿತು. ಪೇಂಟರ್ ಎದ್ದು ಗಾಜಿನ ಪೆಟ್ಟಿಗೆ ಇಳಿಸಿ ಇಬ್ಬರ ನಡುವೆ ಇಟ್ಟ. ಮೂರು ಮರೂನ್ ಬೋಗಿಗಳ ಪಕ್ಕಕ್ಕೆ ಹಿತ್ತಾಳೆಯದ್ದನ್ನು ನಿಲ್ಲಿಸಿದ.

"ಅವಳ ಮೇಲೆ ಸಿಟ್ಟು ಮಾಡೋಣ ಅಂದ್ರೆ," ಅಂದ, ಅಷ್ಟಕ್ಕೇ ನಿಲ್ಲಿಸಿದ. ಹಿತ್ತಾಳೆಯ ಬೋಗಿ ಮುಟ್ಟಿ, "ಹಾಗಾದ್ರೆ ಇದಕ್ಕೆ ಏನು ಹಚ್ಚಲಿ?"

"ಮೂರು ಮರೂನ್ ಆಗಿದೆಯಲ್ಲ."

"ನೀವು ಹಸಿರು ಅಂತಿದ್ರಿ."

"ಅಂತಿದ್ದೆ."

"ಈಗ?"

"ಗೊತ್ತಿಲ್ಲ ಮಾರಾಯ. ಆ ಪೋಸ್ಟ್‌ಕಾರ್ಡನ್ನ ಎಷ್ಟು ನೋಡಿದ್ರೂ ಅದು ಬೂದಿ ಬಣ್ಣವೇ."

ಪೇಂಟರ್ ತಲೆಯಾಡಿಸಿದ. "ನನಗೂ ಗೊತ್ತಿರಲಿಲ್ಲ ಭಾವ. ಆಗ ನನ್ನ ಹತ್ತಿರ ಮರೂನ್ ಮಿಕ್ಕಿತ್ತು. ಒಂದು ಬೇಕರಿಯ ಶಟರ್‌ಗೆ ಅಂತ ತಂದದ್ದು. ಡಬ್ಬ ತುಂಬಾ ಇತ್ತು."

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗಬಹುದಾಗಿದ್ದ ಮಾತು. ಪೇಂಟರನ ತುಟಿ ಒಂದು ಬದಿಗೆ ಸ್ವಲ್ಪ ಎಳೆಯಿತು. ಮೇಸ್ತ್ರಿ ಶೂ ಡಬ್ಬದೊಳಗಿನ ಟವೆಲ್ಲನ್ನು ಮಡಿಸಿ, ಮತ್ತೆ ಬಿಚ್ಚಿ, ಇನ್ನೊಮ್ಮೆ ಮಡಿಸಿದ. ಬರುವ ತಿಂಗಳ ಮೊದಲ ಗುರುವಾರ ಒಣಗಿರುತ್ತದೆ, ಬಂದು ನೋಡಿ ಅಂತ ಪೇಂಟರ್ ಹೇಳಿದ. ಆಗಲಿ ಅಂತ ಇವನು ಹೊರಟ. ಅಷ್ಟೇ. ಹನ್ನೊಂದು ವರ್ಷದ ಮೇಲೆ ಆಡಿದ ಮಾತು ಅರ್ಧ ಗಂಟೆಯಲ್ಲಿ ಮುಗಿಯಿತು.

ಮುಂದಿನ ಸಲ ಹೋಗುವಾಗ ಮೇಸ್ತ್ರಿ ಅದೇ ಬಸ್ಸಿಗೆ ಹತ್ತಿ, ಪಕ್ಕದ ಸೀಟಿನ ಮೇಲೆ ಕೊಡೆ ಇಟ್ಟುಕೊಂಡು ಕಾದ. ಎರಡನೇ ಸ್ಟಾಪಿನಲ್ಲಿ ನರ್ಸ್ ಹತ್ತಿದಳು. ಅವನು ಕೊಡೆ ತೆಗೆದ.

"ಒಂದು ಮಾತು ಕೇಳ್ತೀನಿ," ಅಂದ. "ಪತ್ರದ ವಿಷಯ ನಿಮಗೆ ಗೊತ್ತಿತ್ತಾ?"

ನರ್ಸ್ ಕೋಟನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿಕೊಂಡಳು.

"ಗೊತ್ತಿತ್ತು," ಅಂದಳು. "ಎರಡು ವಾರ ಅದೇ ಮಾತಾಡಿದ್ದೀವಿ. ಮೊದಲು ಪುಸ್ತಕದಲ್ಲಿ ಸಿಕ್ಕಿತು ಅಂತ ಹೇಳೋಣ ಅಂದ್ರು. ಆಮೇಲೆ ಅವರೇ, ಪುಸ್ತಕ ಅಂದ್ರೆ ತಗೊಂಡುಬಾ ಅಂತಾರೆ, ಬೇಡ ಅಂದ್ರು. ಪತ್ರ ಅಂದ್ರೆ ಅವನ ಮನೆಗೇ ಹೋಗಿ ನೋಡಬೇಕು, ಅವರು ಹೋಗಲ್ಲ. ಆ ಧೈರ್ಯದ ಮೇಲೆ ಹೇಳ್ತೀನಿ ಅಂದ್ರು."

ಮೇಸ್ತ್ರಿ ಕಿಟಕಿಯ ಕಡೆ ತಿರುಗಿದ.

"ನೀವು ಹೋಗಿದ್ದಿದ್ರೆ ಒಳ್ಳೇದೇ ಆಗ್ತಿತ್ತು ಅಂತಲೂ ಅಂದಿದ್ರು," ನರ್ಸ್ ಹೇಳಿದಳು. "ಹೋದ್ರೆ ಸುಳ್ಳು ಸಿಕ್ಕಿಬೀಳತ್ತೆ, ಇಬ್ಬರೂ ಸೇರಿ ನನಗೆ ಬೈತಾರೆ, ಸೇರಿದ ಹಾಗೂ ಆಯ್ತು ಅಂತ. ಮೊದಲ ಒಂದು ವರ್ಷ ಕಾದರು. ಆಮೇಲೆ ಅದರ ಮಾತೇ ಆಡಲಿಲ್ಲ."

"ಬೇರೆ ಏನೇನು ಹೇಳಿಕಳಿಸಿದ್ದೆ ಅಂತ ಹೇಳಿದ್ದಾಳೆ?"

"ಎಲ್ಲಾ. ಕುರುಡ ಅಂದದ್ದೂ ಗೊತ್ತು ನನಗೆ. ಕಿಟಕಿ ಅಂಚಿಗೆ ಬಣ್ಣ ಮೆತ್ತಬೇಡ ಅಂತ ಆ ಕುರುಡನಿಗೆ ಹೇಳು ಅಂದಿದ್ರಂತಲ್ಲ ನೀವು. ಅದು, 'ಕಿಟಕಿ ಅಂಚು ಬಹಳ ತೆಳ್ಳಗಿದೆ, ನಿನ್ನ ಕೈಯಾದ್ರೆ ಸರಿಹೋಗತ್ತೆ ಅಂದ್ರು' ಅಂತ ಆಯ್ತು. ಬಸ್ಸು ಸೇತುವೆ ದಾಟೋದರೊಳಗೆ ಆ ಮಾತು ಕಟ್ಟಿಕೊಂಡ್ರು. ಚೆನ್ನಾಗಿ ಬರ್ತಿತ್ತು ಅವರಿಗೆ."

ಆಸ್ಪತ್ರೆಯ ಸ್ಟಾಪಿನಲ್ಲಿ ನರ್ಸ್ ಇಳಿದಳು. ಬಸ್ಸು ಮುಂದೆ ಹೋಯಿತು. ಮೇಸ್ತ್ರಿಗೆ ಎದೆಯ ಬಲಗಡೆ ಎಲ್ಲೋ ಏನೋ ಚುಚ್ಚಿದಂತಾಯಿತು. ಗ್ಯಾಸ್ ಇರಬೇಕು ಅಂದುಕೊಂಡ. ಎರಡು ಸ್ಟಾಪು ದಾಟಿದ ಮೇಲೆ ಅದು ಸಿಟ್ಟು ಅಂತ ಗೊತ್ತಾಯಿತು. ದೊಡ್ಡದಲ್ಲ. ಉಪ್ಪು ಎಲ್ಲಿಟ್ಟಿದ್ದೀ ಅಂತ ಅವಳ ಮೇಲೆ ರೇಗುತ್ತಿದ್ದನಲ್ಲ, ಅಷ್ಟೇ ಸಿಟ್ಟು. ಅವರು ಹೋಗಲ್ಲ. ಅದೇನು ಅಷ್ಟು ಖಂಡಿತವಾಗಿ ಹೇಳುವುದು? ನನ್ನನ್ನು ಕೇಳಿದ್ದರೆ ಹೋಗುತ್ತಿದ್ದೆನೇನೋ. ಏಳು ವರ್ಷದಲ್ಲಿ ಒಂದು ಸಲ, ಹೋಗಿ ಆ ಪತ್ರ ನೋಡಿಬನ್ನಿ ಅಂತ ಅಂದಿದ್ದರೆ ಏನಾಗುತ್ತಿತ್ತು? ಹೀಗೆ ಮನಸ್ಸಿನಲ್ಲೇ ಅವಳೊಡನೆ ಜಗಳ ತೆಗೆದ. ಅವಳು ಏನು ಉತ್ತರ ಕೊಡುತ್ತಿದ್ದಳು ಅನ್ನುವುದೂ ಗೊತ್ತಿತ್ತು, "ಹೂಂ" ಅನ್ನುತ್ತಿದ್ದಳು. ಜಗಳ ಮುಗಿಯುವ ಮುಂಚೆ ಅವನು ಇಳಿಯಬೇಕಾದ ಸ್ಟಾಪು ಹಿಂದೆ ಹೋಗಿತ್ತು. ಒಂದು ಮೈಲಿ ವಾಪಸು ನಡೆದ.

ಆ ಸಿಟ್ಟು ಮರುದಿನದ ಹೊತ್ತಿಗೆ ಇಳಿದುಹೋಯಿತು. ಮತ್ತೆ ಮೊದಲಿನಂತೆಯೇ ಖಾಲಿ. ಆದರೆ ಬಂದದ್ದಂತೂ ನಿಜ ಅಂತ ಅವನು ಒಂದೆರಡು ಸಲ ನೆನಪು ಮಾಡಿಕೊಂಡ.

ಐದನೇ ಬೋಗಿಗೆ ಚಳಿಗಾಲವಿಡೀ ಹಿಡಿಯಿತು. ಚಾವಣಿಯನ್ನು ಅರ್ಧ ಮಿಲಿಮೀಟರ್ ತಗ್ಗಿಸಿದ. ಹಾಗೆ ತಗ್ಗಿಸಿದ ಮೇಲೆ ಅದೇ ಸರಿ ಅಂತ ಅವನಿಗೇ ಕಂಡಿತು. ಪೇಂಟರಿಗೆ ಹಾಗಂತ ಹೇಳಿಯೂ ಹೇಳಿದ. ಪೇಂಟರ್, "ಉಳಿದ ನಾಲ್ಕರ ಪಕ್ಕ ನಿಲ್ಲಿಸಿದ್ರೆ ಈಗ ಇದೊಂದೇ ಕುಳ್ಳಗೆ ಕಾಣತ್ತೆ," ಅಂದ. ಕೊನೆಯ ಬೋಗಿ ಅಲ್ವಾ, ಕೊನೆಯಲ್ಲಿ ಕುಳ್ಳಗಿದ್ದರೆ ಪರವಾಗಿಲ್ಲ ಅಂತ ಇಬ್ಬರೂ ಒಪ್ಪಿಕೊಂಡರು.

ರೈಲು ಓಡಿಸುವ ದಿನ ಮಗಳೂ ಬಂದಳು. ಶನಿವಾರ, ಶಾಲೆಗೆ ರಜೆ. ಪೇಂಟರ್ ಉದ್ದ ಮೇಜಿನ ಮೇಲಿನ ಬಣ್ಣದ ಡಬ್ಬಗಳನ್ನೆಲ್ಲ ನೆಲಕ್ಕಿಳಿಸಿ, ಹಳಿ ಜೋಡಿಸಿ, ವೈರು ಸಿಕ್ಕಿಸಿಟ್ಟಿದ್ದ. ಮಗಳು ಬಗ್ಗಿ ಒಂದೊಂದೇ ಕಿಟಕಿಯಲ್ಲಿ ಇಣುಕಿ ನೋಡಿದಳು.

"ಒಳಗೆ ಯಾರೂ ಇಲ್ವಲ್ಲ ಅಪ್ಪಾ. ಅಂಗಡಿಯಲ್ಲಿ ಸಣ್ಣ ಸಣ್ಣ ಗೊಂಬೆ ಸಿಗತ್ತೆ, ಕೂತಿರೋ ಜನ. ಒಂದು ಅಮ್ಮನ ಥರದ್ದು ಇಟ್ಟರೆ?"

ಪೇಂಟರ್ ಭಾವನ ಕಡೆ ನೋಡಿದ.

"ಅವಳಿಗೆ ರೈಲು ಆಗ್ತಿರಲಿಲ್ಲ," ಅಂದ ಮೇಸ್ತ್ರಿ. "ಹತ್ತು ನಿಮಿಷ ಕೂತರೆ ತಲೆ ಸುತ್ತು. ಬಸ್ಸೇ ಅವಳಿಗೆ."

"ಹೌದಲ್ಲ," ಅಂದಳು ಮಗಳು, ಸ್ವಲ್ಪ ನಕ್ಕಳು.

ಪೇಂಟರ್ ಗುಂಡಿ ತಿರುಗಿಸಿದ. ಎಂಜಿನ್ ಒಂದು ಸಲ ಹಿಂಜರಿದು, ಐದು ಮರೂನ್ ಬೋಗಿಯನ್ನೂ ಎಳೆದುಕೊಂಡು ಹೊರಟಿತು. ಮೊದಲ ತಿರುವಿನಲ್ಲಿ ಮೂರನೇ ಬೋಗಿಯ ಒಂದು ಗಾಲಿ ಹಳಿ ಬಿಟ್ಟಿತು. ಮೇಸ್ತ್ರಿ ಅದನ್ನು ಎತ್ತಿ, ಗಾಲಿ ಸರಿಮಾಡಿ, ಮತ್ತೆ ಇಟ್ಟ. ಆಮೇಲೆ ಅದು ಎಲ್ಲೂ ನಿಲ್ಲದೆ ಹನ್ನೆರಡು ಸುತ್ತು ಹಾಕಿತು. ಮೂವರೂ ಮೇಜಿನ ಸುತ್ತ ನಿಂತು ನೋಡಿದರು. ಬಾಗಿಲುಗಳು ಕಿಟಕಿಯ ಬೆಳಕಿಗೆ ಬಂದಾಗ ಹಿಡಿಗಳು ಒಂದೊಂದಾಗಿ ಹೊಳೆದು ಹೋಗುತ್ತಿದ್ದವು. ಚೆನ್ನಾಗಿದೆ ಅಂತ ಮೇಸ್ತ್ರಿಗೆ ಗೊತ್ತಾಗುತ್ತಿತ್ತು. ಇಷ್ಟು ವರ್ಷದ ಕೆಲಸ ಮುಗಿದರೆ ಖುಷಿಯಾಗಬೇಕು. ಅದು ಬರುವ ಜಾಗವನ್ನು ಖಾಲಿ ಮಾಡಿಟ್ಟುಕೊಂಡಂತೆ ಸುಮ್ಮನೆ ನಿಂತಿದ್ದ.

"ಎಲ್ಲಿಡೋಣ?" ಪೇಂಟರ್ ಕೇಳಿದ. "ನಿಮ್ಮಲ್ಲೇ ಇರಲಿ ಭಾವ. ಹೆಚ್ಚು ಕೆಲಸ ನಿಮ್ಮದು."

"ನಮ್ಮಲ್ಲಿ ಇಷ್ಟುದ್ದದ ಮೇಜಿಲ್ಲ. ಇಲ್ಲೇ ಇರಲಿ. ಗುರುವಾರ ಬರ್ತೀನಲ್ಲ."

"ಗುರುವಾರ ಅಡುಗೆ ನಾನೇ ಮಾಡ್ತೀನಿ. ಅಕ್ಕನ ಥರ ಇರಲ್ಲ."

"ಇರಲ್ಲ ಬಿಡು."

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಗೆ ತಲೆಯಾನಿಸಿಕೊಂಡು ಸದ್ದಿಲ್ಲದೆ ಅತ್ತಳು. ಮೇಸ್ತ್ರಿ ಅವಳ ಕೈಯನ್ನು ತೆಗೆದು ತನ್ನ ಕೈಯಲ್ಲಿಟ್ಟುಕೊಂಡ. ಕೈ ಬಿಸಿಯಾಗಿತ್ತು.

"ಜ್ವರ ಇದೆಯಾ?" ಅಂತ ಕೇಳಿದ.

"ಇಲ್ಲಪ್ಪ." ಅವಳು ಮೂಗು ಒರೆಸಿಕೊಂಡಳು. "ರಾತ್ರಿಗೆ ಏನಿದೆ ಮನೇಲಿ?"

"ಮೊಟ್ಟೆ ಇದೆ. ಬ್ರೆಡ್ ತಗೋಬೇಕು."

ಅಂಗಡಿ ಹತ್ತಿರವಾಗುತ್ತದೆ ಅಂತ ಅವರು ಒಂದು ಸ್ಟಾಪು ಮುಂಚೆಯೇ ಇಳಿದರು.